ಕೆಮ್ಮು ಬಂದ ಪುಟ

ಮಕ್ಕಳ ಪುಸ್ತಕದ ಕೆಲಸದ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬೆಲೆ ಯಾಕೆ ಇಷ್ಟು, ಚಿತ್ರ ಯಾರು ಬರೀತಾರೆ ಅಂತ ಕೇಳುತ್ತೀರಿ ಅಂದುಕೊಂಡಿದ್ದೆ. ನೋಡಿದರೆ ಅರ್ಧಕ್ಕರ್ಧ ಪತ್ರಗಳು ಸಮ್ಮೇಳನ, ಪುಸ್ತಕ ಬಿಡುಗಡೆ, ಲೇಖಕರ ಭೇಟಿ ಇವುಗಳ ಬಗ್ಗೆಯೇ ಇವೆ. ಸರಿ, ಈ ಸಲ ಅದೇ ಆಗಲಿ.

ಪ್ರಶ್ನೆ: ಭಾನುವಾರ ಬಂತೆಂದರೆ ನೀವು ಯಾವುದಾದರೂ ಕಾರ್ಯಕ್ರಮದ ಫೋಟೋದಲ್ಲಿ ಇರುತ್ತೀರಿ. ಎಡಿಟಿಂಗ್ ಯಾವಾಗ ಮಾಡ್ತೀರಿ ಮೇಡಂ?
ಶಿಕ್ಷಕಿ, ಶಿರಾ

ಉತ್ತರ: ಆ ಫೋಟೋಗಳಲ್ಲಿ ನಾನು ಎಲ್ಲಿರುತ್ತೇನೆ ಗಮನಿಸಿ ಮೇಡಂ. ಒಂದು ತುದಿಯಲ್ಲಿ, ಅರ್ಧ ಭುಜ ಕತ್ತರಿಸಿಹೋಗಿರುತ್ತದೆ. ಫೋಟೋಗೆ ಬನ್ನಿ ಬನ್ನಿ ಎಂದು ಕರೆದಾಗ ಗೋಡೆ ಪಕ್ಕದ ಕುರ್ಚಿಯಿಂದ ಓಡಿಬಂದವಳು ನಾನು.

ಆ ಕುರ್ಚಿ ನನಗೆ ಬೇಕೇ ಬೇಕು. ವೇದಿಕೆ ಮೇಲೆ ಕೂತರೆ ಸಭೆಯ ದೊಡ್ಡವರು ಕಾಣುತ್ತಾರೆ. ಹಿಂದೆ ಕೂತರೆ ಮಕ್ಕಳ ಬೆನ್ನು ಕಾಣುತ್ತದೆ. ಗೋಡೆ ಪಕ್ಕ ಕೂತರೆ ಮಾತ್ರ ಅವರ ಮುಖ ಕಾಣುತ್ತದೆ. ಎಡಿಟಿಂಗ್ ಯಾವಾಗ ಅಂದಿರಲ್ಲ, ಅರ್ಧ ಕೆಲಸ ಆಗುವುದು ಅಲ್ಲೇ.

ಪುಸ್ತಕ ಅಚ್ಚಿಗೆ ಹೋಗುವ ಮೊದಲು ನಾವು ಒಂದು ಡಮ್ಮಿ ಮಾಡಿಕೊಳ್ಳುತ್ತೇವೆ. ಹಾಳೆಗಳನ್ನು ಮಡಚಿ, ನಡುವೆ ಪಿನ್ ಹೊಡೆದು, ಪೆನ್ಸಿಲ್ ಚಿತ್ರಗಳನ್ನು ಅಂಟಿಸಿದ ಕಳ್ಳ ಪುಸ್ತಕ ಅದು. ಮಕ್ಕಳು ಸೇರುವ ಕಾರ್ಯಕ್ರಮ ಎಲ್ಲೇ ಇರಲಿ, ಅದನ್ನು ಬ್ಯಾಗಿಗೆ ಹಾಕಿಕೊಂಡು ಹೋಗುತ್ತೇನೆ. ಲೇಖಕರು ಹಳೆಯ ಪುಸ್ತಕ ಓದಿ ಮುಗಿಸಿದ ಮೇಲೆ, ‘ಇದನ್ನೊಂದು ಓದಿಬಿಡಿ’ ಎಂದು ಕೈಗೆ ಕೊಡುತ್ತೇನೆ. ನನ್ನ ಹತ್ತಿರ ಇನ್ನೊಂದು ಡಮ್ಮಿ, ಒಂದು ಪೆನ್ಸಿಲ್.

ಮಕ್ಕಳು ಬೇಜಾರಾಯಿತು ಎಂದು ಬಾಯಿ ಬಿಟ್ಟು ಹೇಳುವುದಿಲ್ಲ. ಟೀಚರ್ ಅಲ್ಲೇ ನಿಂತಿರುತ್ತಾರೆ, ಹೇಳಿದರೆ ಉಳಿಗಾಲ ಇಲ್ಲ. ಹಾಗಾಗಿ ಕೆಮ್ಮುತ್ತಾರೆ. ಒಂದು ಮಗು ಕೆಮ್ಮಿದರೆ ನೆಗಡಿ. ಮೂರು ಮಕ್ಕಳು ಕೆಮ್ಮಿದರೆ ಪುಟ ಸರಿಯಿಲ್ಲ. ಆ ಪುಟದ ಅಂಚಿನಲ್ಲಿ ‘ಕೆ’ ಎಂದು ಬರೆದುಕೊಳ್ಳುತ್ತೇನೆ. ‘ನೀ’ ಅಂದರೆ ಯಾರೋ ನೀರು ಕುಡಿಯಲು ಎದ್ದರು. ‘ಜ’ ಅಂದರೆ ಪಕ್ಕದವಳ ಜಡೆ ಎಳೆಯುವುದು ಶುರುವಾಯಿತು.

ಒಂದು ಪುಸ್ತಕದ 7ನೇ ಪುಟಕ್ಕೆ ತುಮಕೂರಲ್ಲೂ ‘ಕೆ’, ಗುಬ್ಬಿಯಲ್ಲೂ ‘ಕೆ’. ಕೊರಟಗೆರೆ ಕಡೆಯ ಒಂದು ಹಳ್ಳಿ ಲೈಬ್ರರಿಯಲ್ಲಿ ‘ಕೆ’, ‘ನೀ’, ‘ಜ’ ಮೂರೂ. ಅಲ್ಲಿ ಮಳೆಯ ವರ್ಣನೆ ಇತ್ತು. ಕಾರ್ಮುಗಿಲು, ಮುತ್ತಿನ ಹನಿ, ಇಳೆಯ ಪುಳಕ, ಎಲ್ಲ ಸೇರಿ ಐದು ಸಾಲು. ಲೇಖಕರಿಗೆ ಆ ಐದು ಸಾಲು ಅಂದರೆ ಪ್ರಾಣ. ನಾನು ಮೂರು ಸಲ ಫೋನ್ ಮಾಡಿ ಹೇಳಿದರೂ ಒಪ್ಪಿರಲಿಲ್ಲ. ಆ ಹಳ್ಳಿಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಅವರೇ ಡಮ್ಮಿ ಇಸಿದುಕೊಂಡು ಐದೂ ಸಾಲು ಹೊಡೆದು ಹಾಕಿದರು. ‘ಮಳೆ ಬಂತು’ ಎಂದು ಬರೆದರು. ಆಮೇಲೆ ತುಮಕೂರು ಬರುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಪ್ರಶ್ನೆ: ಮಕ್ಕಳ ಕಥೆ ಬರೆದಿದ್ದೇನೆ. ಯಾವುದಾದರೂ ಕಾರ್ಯಕ್ರಮದಲ್ಲಿ ಸಿಕ್ಕಾಗ ಹಸ್ತಪ್ರತಿ ನಿಮ್ಮ ಕೈಗೇ ಕೊಡಬಹುದಾ?
ಓದುಗರೊಬ್ಬರು, ಚಿಂತಾಮಣಿ

ಉತ್ತರ: ಬೇಡಿ ಸರ್. ಸಿಕ್ಕಾಗ ಧಾರಾಳವಾಗಿ ಮಾತಾಡಿಸಿ, ಕಾಫಿ ಕುಡಿಯೋಣ. ಕಾಗದ ಮಾತ್ರ ಕೊಡಬೇಡಿ. ಒಂದು ಸಲ ಊಟದ ಸಾಲಿನಲ್ಲಿ, ಒಂದು ಕೈಲಿ ತಟ್ಟೆ ಹಿಡಿದು ನಿಂತಿದ್ದಾಗ ಒಬ್ಬರು ಫೈಲ್ ಕೊಟ್ಟರು. ಕಂಕುಳಲ್ಲಿ ಇಟ್ಟುಕೊಂಡೆ. ಮನೆಗೆ ಬಂದು ತೆಗೆದರೆ ಎರಡನೇ ಅಧ್ಯಾಯದ ತುಂಬ ಹುಳಿಯ ಕಲೆ. ಅವರ ಬಳಿ ಅದೊಂದೇ ಪ್ರತಿ ಇತ್ತು.

ಇಮೇಲ್‌ನಲ್ಲಿ ಕಳಿಸಿ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಒಳ್ಳೆಯದು. ಹಳೆಯ ನುಡಿ ಫಾಂಟಿನಲ್ಲಿದ್ದರೆ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲೋ ಹಾರಿಹೋಗುತ್ತವೆ. ‘ಸೂರ್ಯ’ ಹುಡುಕಿ ಹುಡುಕಿ ಸರಿಮಾಡಬೇಕಾಗುತ್ತದೆ.

ಇನ್ನೊಂದು ಮಾತು. ಪರಿಚಯದವರ ಕೈಲಿ ದುಡ್ಡು ಕೊಟ್ಟು ಚಿತ್ರ ಬರೆಸಿ ಕಳಿಸುವವರು ಜಾಸ್ತಿಯಾಗಿದ್ದಾರೆ. ದಯವಿಟ್ಟು ಬರೆಸಬೇಡಿ. ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು: 16, 24, 32. ನಿಮ್ಮ ಕಥೆ ಯಾವ ಲೆಕ್ಕಕ್ಕೆ ಬರುತ್ತದೆ, ಯಾವ ಸಾಲು ಯಾವ ಪುಟಕ್ಕೆ ಬೀಳುತ್ತದೆ ಎಂದು ಗೊತ್ತಾದ ಮೇಲೆ ಚಿತ್ರದ ಮಾತು. ಮೊದಲೇ ಬರೆಸಿದ 19 ಚಿತ್ರ ಇಟ್ಟುಕೊಂಡು ನಾನೇನು ಮಾಡಲಿ ಹೇಳಿ.

ಪ್ರಶ್ನೆ: ಸಾಹಿತ್ಯ ಸಮ್ಮೇಳನಗಳಲ್ಲಿ ಮಕ್ಕಳ ಸಾಹಿತ್ಯದ ಗೋಷ್ಠಿ ಇರುತ್ತೆ, ಮಕ್ಕಳೇ ಇರಲ್ಲ. ಯಾಕೆ?
ನಿವೃತ್ತ ಉಪನ್ಯಾಸಕರು, ತಿಪಟೂರು

ಉತ್ತರ: ಮಕ್ಕಳು ಪುಸ್ತಕ ಮಳಿಗೆಯಲ್ಲಿ ಇರುತ್ತಾರೆ ಸರ್, ಇಲ್ಲವೇ ಬೊಂಬಾಯಿ ಮಿಠಾಯಿ ಹತ್ತಿರ. ಅವರು ಮಾಡುವುದೇ ಸರಿ.

2002ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ತುಮಕೂರಿನಲ್ಲೇ ನಡೆಯಿತು. ಯು.ಆರ್. ಅನಂತಮೂರ್ತಿ ಅಧ್ಯಕ್ಷರು. ನಾನು ಆಗ ಪಿಯುಸಿ, ಒಂದು ಮಳಿಗೆಯಲ್ಲಿ ಬಿಲ್ ಬರೆಯಲು ಕೂತಿದ್ದೆ. ಅಧ್ಯಕ್ಷರ ಭಾಷಣ ಮೈಕಿನಲ್ಲಿ ತುಂಡು ತುಂಡಾಗಿ ಕೇಳಿಸಿತು, ಅಷ್ಟೆ. ನನಗೆ ನೆನಪಿರುವುದು ಒಬ್ಬ ಹುಡುಗ. ಎಂಟೋ ಒಂಬತ್ತೋ ವರ್ಷ ಇರಬೇಕು. ಬೆಳಿಗ್ಗೆ ಬಂದು ನಿಂತುಕೊಂಡೇ ಒಂದು ಪುಸ್ತಕ ಓದಿದ. ಅವರಪ್ಪ ಎಳೆದುಕೊಂಡು ಹೋದರು. ಮಧ್ಯಾಹ್ನ ಮತ್ತೆ ಬಂದು ಬಿಟ್ಟ ಪುಟದಿಂದ ಶುರುಮಾಡಿದ. ಸಂಜೆ ಬಂದು ಮುಗಿಸಿದ, ಪುಸ್ತಕ ಇದ್ದ ಜಾಗದಲ್ಲೇ ಇಟ್ಟು ಹೋದ. ಮಳಿಗೆಯ ಯಜಮಾನರು ಬೈಯಲಿಲ್ಲ. ‘ಪುಟ ಮಡಚಬೇಡ್ವೋ’ ಅಂದರು ಒಂದು ಸಲ. ನಾನು ಈ ಕೆಲಸಕ್ಕೆ ಬಂದದ್ದಕ್ಕೆ ಕಾರಣ ಕೇಳಿದಾಗೆಲ್ಲ ಏನೇನೋ ದೊಡ್ಡ ಮಾತು ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಆ ಹುಡುಗ ಯಾವ ಪುಟಕ್ಕೆ ನಕ್ಕ ಎಂದು ನೋಡುತ್ತಾ ಎರಡು ಬಿಲ್ ತಪ್ಪು ಬರೆದೆ, ಅಲ್ಲಿಂದಲೇ ಶುರು.

ಗೋಷ್ಠಿಯ ಮಾತಿಗೆ ಬಂದರೆ, ಪಂಜೆ ಮಂಗೇಶರಾಯರು, ಕುವೆಂಪು, ಕಾರಂತರು, ರಾಜರತ್ನಂ ಎಲ್ಲರೂ ಮಕ್ಕಳಿಗೆ ಬರೆದವರೇ. ಆದರೂ ಮಕ್ಕಳ ಸಾಹಿತ್ಯ ಅಂದರೆ ಎಲೆ ತುದಿಯ ಉಪ್ಪಿನಕಾಯಿ. ಸಾಹಿತ್ಯ ಅಕಾಡೆಮಿ ದೊಡ್ಡವರ ಪುಸ್ತಕಗಳಿಗೆ ಪ್ರಶಸ್ತಿ ಕೊಡಲು ಶುರುಮಾಡಿದ್ದು 1955ರಲ್ಲಿ. ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು 2010ರಲ್ಲಿ. ಲೆಕ್ಕ ನೀವೇ ಹಾಕಿ. ನನಗೇ ಒಂದು ಕಡೆ 15 ನಿಮಿಷ ಕೊಟ್ಟಿದ್ದರು. ಹಿಂದಿನ ಗೋಷ್ಠಿ ಎಳೆದೂ ಎಳೆದೂ ನನಗೆ 4 ನಿಮಿಷ ಉಳಿಯಿತು. ಎರಡನೇ ನಿಮಿಷಕ್ಕೇ ಚೀಟಿ ಬಂತು. ಅಷ್ಟರಲ್ಲಿ ಪಕ್ಕದ ಪೆಂಡಾಲಿನಿಂದ ಒಗ್ಗರಣೆ ವಾಸನೆಯೂ ಬಂತು. ಸಭೆ ಅರ್ಧ ಖಾಲಿ. ನಾನೂ ಎದ್ದೆ. ಊಟದಲ್ಲಿ ಪಕ್ಕ ಕೂತಿದ್ದ ಹುಡುಗಿ ಕಾಗದದ ಲೋಟದ ಮೇಲೆ ಪೆನ್ನಿನಲ್ಲಿ ಬಡಿಸುವವರ ಚಿತ್ರ ಗೀಚುತ್ತಿದ್ದಳು. ನಮ್ಮ ಮೂರು ಪುಸ್ತಕಗಳಿಗೆ ಈಗ ಅವಳದೇ ಚಿತ್ರ.

ಪ್ರಶ್ನೆ: ಚಿತ್ರಕಲೆ ಓದುತ್ತಿದ್ದೇನೆ. ಚಿತ್ರಕಾರರಿಗೆ ನೀವು ಏನು ತಿದ್ದಲು ಹೇಳ್ತೀರಿ?
ವಿದ್ಯಾರ್ಥಿನಿ, ಗೌರಿಬಿದನೂರು

ಉತ್ತರ: ನಾನು ಹೇಳುವುದಕ್ಕಿಂತ ಜಾಸ್ತಿ ಮಕ್ಕಳೇ ಹೇಳುತ್ತಾರಮ್ಮ. ಉತ್ತರದ ಕಡೆಯ ಚಿತ್ರಕಾರರೊಬ್ಬರು ರಾಗಿ ಹೊಲದ ಚಿತ್ರ ಕಳಿಸಿದ್ದರು. ಬಣ್ಣ, ಬೆಳಕು ಎಲ್ಲ ಚೆನ್ನಾಗಿತ್ತು. ನಾನು ಓಕೆ ಅಂದುಬಿಟ್ಟೆ. ನಿಮ್ಮ ಕಡೆಯದೇ ಒಂದು ಹಳ್ಳಿಯಲ್ಲಿ ಡಮ್ಮಿ ತೋರಿಸಿದರೆ ಮೂರನೇ ಕ್ಲಾಸಿನ ಹುಡುಗಿ ಬೆರಳಿಟ್ಟು, ‘ಆಂಟಿ, ಇದು ರಾಗಿ ಅಲ್ಲ, ಗೋಧಿ’ ಅಂದಳು. ನೋಡಿದರೆ ಹೌದು! ಉದ್ದನೆ ತೆನೆ, ಮೇಲೆ ಮೀಸೆ. ಮುದ್ದೆ ತಿಂದು ಬೆಳೆದ ನನಗೆ ಕಂಡಿರಲಿಲ್ಲ.

ಅವಳೇ ಮನೆಯಿಂದ ನಾಲ್ಕು ತೆನೆ ತಂದುಕೊಟ್ಟಳು. ಪೇಪರಿನಲ್ಲಿ ಸುತ್ತಿ ಕೊರಿಯರ್ ಮಾಡಿದೆ. ಚಿತ್ರಕಾರರು ಫೋನ್ ಮಾಡಿದರು. ಅರ್ಧ ಕಾಳು ಉದುರಿ ಹೋಗಿವೆ, ಆದರೆ ಗೊತ್ತಾಯಿತು, ಇದು ಮಗು ಮುಷ್ಟಿ ಬಿಗಿದ ಹಾಗಿದೆ ಅಂದರು. ಈಗ ಆ ಪುಟದಲ್ಲಿ ಹೊಲದ ತುಂಬ ಪುಟ್ಟ ಪುಟ್ಟ ಮುಷ್ಟಿಗಳು.

ಪ್ರಶ್ನೆ: ಇಟಲಿಯ ಬೊಲೊನ್ಯಾದಲ್ಲಿ ಮಕ್ಕಳ ಪುಸ್ತಕಗಳ ದೊಡ್ಡ ಮೇಳ ನಡೆಯುತ್ತಂತೆ. ಹೋಗಿದ್ದೀರಾ?
ಓದುಗರು, ತುಮಕೂರು

ಉತ್ತರ: ಇಲ್ಲ. 1964ರಿಂದ ನಡೆಯುತ್ತಿದೆ. ಅದು ಪ್ರಕಾಶಕರು, ಚಿತ್ರಕಾರರು ಹಕ್ಕುಗಳ ವ್ಯಾಪಾರ ಮಾಡುವ ಮೇಳ, ಮಕ್ಕಳು ಬಂದು ಪುಸ್ತಕ ಕೊಳ್ಳುವ ಜಾತ್ರೆ ಅಲ್ಲ. ದೆಹಲಿಯ ವಿಶ್ವ ಪುಸ್ತಕ ಮೇಳಕ್ಕೆ ಎರಡು ಸಲ ಹೋಗಿದ್ದೇನೆ. ಕಾಲು ನೋವು ಬಂತು. ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದೇನೆ, ಒಂದು ಸೀಲೂ ಬಿದ್ದಿಲ್ಲ.

ಪ್ರಶ್ನೆ: ನಮ್ಮ ಶಾಲೆಗೆ ಒಬ್ಬ ಲೇಖಕರನ್ನು ಕರೆಸಬೇಕು. ಏನೇನು ತಯಾರಿ ಮಾಡಬೇಕು?
ಮುಖ್ಯ ಶಿಕ್ಷಕರು, ಮಾಲೂರು ತಾಲ್ಲೂಕು

ಉತ್ತರ: ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಯಾವುದೂ ಬೇಡ ಸರ್. ಆ ದುಡ್ಡಿಗೆ ಅವರ ಪುಸ್ತಕದ ಹತ್ತು ಪ್ರತಿ ತರಿಸಿ, ಹದಿನೈದು ದಿನ ಮುಂಚೆಯೇ ಮಕ್ಕಳ ಕೈಗೆ ಕೊಡಿ. ಪುಸ್ತಕ ಓದದ ಮಕ್ಕಳ ಎದುರು ಲೇಖಕರು ಅಂದರೆ ಇನ್ನೊಬ್ಬ ಇನ್‌ಸ್ಪೆಕ್ಟರ್ ಬಂದ ಹಾಗೆ. ನಲವತ್ತು ಮಕ್ಕಳಿದ್ದರೆ ಸಾಕು, ಇಡೀ ಶಾಲೆ ಬೇಡ. ಮುಕ್ಕಾಲು ಗಂಟೆ ಸಾಕು. ಬಸ್ ಚಾರ್ಜು, ಗೌರವಧನ ಕವರಿನಲ್ಲಿ ಹಾಕಿ, ಅವರು ಕೇಳುವ ಮೊದಲೇ ಕೊಡಿ. ಕೇಳಲು ನಾಚಿಕೊಳ್ಳುವವರೇ ಜಾಸ್ತಿ.

ಒಂದು ಶಾಲೆಗೆ ಹೋಗಿದ್ದೆವು. ಊರು ಬೇಡ. ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿಗಳು, ಅವರ ನಂತರ ಇನ್ನೂ ಮುಖ್ಯ ಅತಿಥಿಗಳು. ಮಕ್ಕಳು ಬಿಸಿಲಲ್ಲಿ ಒಂದು ಗಂಟೆ ಹತ್ತು ನಿಮಿಷ ಕೂತಿದ್ದರು. ಲೇಖಕರಿಗೆ ಸಿಕ್ಕಿದ್ದು ಎಂಟು ನಿಮಿಷ. ಅವರು ಹಳೆಯ ಮೇಷ್ಟ್ರು, ಭಾಷಣ ಬಿಟ್ಟು ‘ಏನಾದ್ರೂ ಕೇಳ್ರಪ್ಪಾ’ ಅಂದರು.

ಪುಸ್ತಕದಲ್ಲಿ ಒಂದು ಹುಡುಗಿ ಅಜ್ಜಿ ಜೊತೆ ಸಂತೆಗೆ ಹೋಗುತ್ತಾಳೆ. ಒಂದು ನಾಯಿ ಊರಿಂದಲೇ ಹಿಂದೆ ಬರುತ್ತದೆ, ಬಸ್ ಸ್ಟಾಂಡಿನ ಬೆಂಚಿನ ಕೆಳಗೆ ಸಂಜೆವರೆಗೂ ಕಾಯುತ್ತದೆ. ಎರಡನೇ ಸಾಲಿನಲ್ಲಿ ಕೂತಿದ್ದ ಹುಡುಗ ಎದ್ದು ಕೇಳಿದ: ‘ಸಾರ್, ನಾಯಿಗೆ ಯಾರೂ ಏನೂ ಕೊಡ್ಲೇ ಇಲ್ವಾ?’

ನನ್ನ ಎದೆ ಧಸಕ್ಕೆಂದಿತು. ಹಸ್ತಪ್ರತಿಯಲ್ಲಿ ಅದು ಇತ್ತು. ‘ಅಜ್ಜಿ ಬನ್ನು ಮುರಿದು ಹಾಕಿದಳು’ ಎಂಬ ಸಾಲು. ಕೊನೆಯ ಪುಟದಲ್ಲಿ ಒಂದು ಸಾಲು ಚಿತ್ರದ ಮೇಲೆ ಹರಿಯುತ್ತಿತ್ತು, ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ನಾನೇ ತೆಗೆದಿದ್ದೆ. ಮೇಷ್ಟ್ರಿಗೆ ತಿಳಿಸಿದ್ದೆ, ಅವರು ಹೂಂ ಅಂದಿದ್ದರು.

ಅವರು ಆ ಹುಡುಗನಿಗೆ ‘ನಾನು ಹಾಕಿದ್ದೆ ಕಣಪ್ಪಾ, ಬರ್ತಾ ದಾರೀಲಿ ಎಲ್ಲೋ ಬಿದ್ಹೋಯ್ತು’ ಅಂದರು. ಹೇಳುತ್ತಾ ಗೋಡೆ ಪಕ್ಕದ ಕುರ್ಚಿ ಕಡೆ ಒಂದು ಸಲ ನೋಡಿದರು, ಅಷ್ಟೆ. ಎರಡನೇ ಮುದ್ರಣದಲ್ಲಿ ಚಿತ್ರವನ್ನೇ ಸ್ವಲ್ಪ ಕೆಳಗೆ ಸರಿಸಿ ಬನ್ನು ವಾಪಸ್ ಹಾಕಿದೆವು. ಆ ಶಾಲೆಗೆ ಒಂದು ಪ್ರತಿ ಕಳಿಸಿದೆ. ಹುಡುಗನ ಹೆಸರು ಕೇಳಿಟ್ಟುಕೊಂಡಿರಲಿಲ್ಲ, ‘ಎರಡನೇ ಸಾಲಿನ ಹುಡುಗನಿಗೆ’ ಎಂದು ಬರೆದು ಕಳಿಸಿದೆ.

ಹಾಗಾಗಿ ಸರ್, ಸ್ವಾಗತ ಭಾಷಣ ನೀವು ಮಾಡುವುದಾದರೆ ಎರಡು ನಿಮಿಷದಲ್ಲಿ ಮುಗಿಸಿ. ಮಿಕ್ಕಿದ್ದು ಮಕ್ಕಳಿಗೆ.

ಪ್ರಶ್ನೆ: ಪುಸ್ತಕದ ಮೇಲೆ ಬರೆದವರ ಹೆಸರು ಇದೆ, ಚಿತ್ರದವರ ಹೆಸರು ಇದೆ. ನಿಮ್ಮ ಹೆಸರು ಯಾಕಿಲ್ಲ?
4ನೇ ತರಗತಿ, ಮಧುಗಿರಿ

ಉತ್ತರ: ಇದೆ ಮರಿ. ಮುಖಪುಟ ತಿರುಗಿಸಿ ಮುಂದಿನ ಪುಟ ನೋಡು. ಬೆಲೆ, ಪುಟ, ಮುದ್ರಣದ ವರ್ಷ ಎಲ್ಲ ಇರುವ ಕಡೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರಗಳಿವೆ ಅಲ್ವಾ, ಅದರಲ್ಲಿ ಕೊನೆಯಿಂದ ಎರಡನೇ ಸಾಲು. ನಿನ್ನ ಹತ್ತಿರ ಇರುವ ಪುಸ್ತಕದಲ್ಲಿ ನನ್ನ ಹೆಸರಿಗೆ ಒಂದು ದೀರ್ಘ ಬಿಟ್ಟುಹೋಗಿದೆ. ಕರಡು ತಿದ್ದಿದ್ದು ನಾನೇ.