ಹೆಸರು ಆಮೇಲೆ, ಮೊದಲು ನಂಬರು ಹುಡುಕಿ

ಪ್ರಶ್ನೆ: ನಮ್ಮ ತಾತ ಮೈಸೂರು ಮಹಾರಾಜರ ಪಡೆಯಲ್ಲಿದ್ದರು. ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರಕ್ಕೆ ಹೋಗಿ ಜಪಾನಿನವರ ಕೈಗೆ ಸಿಕ್ಕಿಬಿದ್ದರು. ಬದುಕಿದ್ದಾರೋ ಇಲ್ಲವೋ ಅಂತ ಮನೆಯವರಿಗೆ ನಾಲ್ಕು ವರ್ಷ ಗೊತ್ತೇ ಇರಲಿಲ್ಲವಂತೆ. 1946ರಲ್ಲಿ ಒಂದು ಸಂಜೆ ಬಂದು ಜಗಲಿ ಮೇಲೆ ಕೂತರಂತೆ, ಅಜ್ಜಿಗೆ ಗುರುತೇ ಸಿಗಲಿಲ್ಲವಂತೆ. ಅವರ ಮೊಣಕಾಲ ಕೆಳಗೆ ಅಂಗೈಯಗಲದ ಒಂದು ಹಳೇ ಗಾಯದ ಗುಂಡಿ ಇತ್ತು, ಏನು ತಾತ ಇದು ಅಂದರೆ ಎದ್ದು ಹೋಗಿಬಿಡುತ್ತಿದ್ದರು. ದೊಡ್ಡಪ್ಪ 'ಅಪ್ಪ ನೇತಾಜಿ ಸೇನೆಯಲ್ಲಿದ್ದರು' ಅನ್ನುತ್ತಾರೆ. ಅತ್ತೆ 'ಸುಮ್ನೆ ಹೇಳ್ತಾನೆ' ಅನ್ನುತ್ತಾರೆ. ನಿಜ ತಿಳಿಯೋದು ಹೇಗೆ?
- ಒಬ್ಬ ಓದುಗ, ಮಂಡ್ಯ ಜಿಲ್ಲೆ

ಉತ್ತರ: ಸಿಂಗಾಪುರ, ದೆಹಲಿ, ಲಂಡನ್ ಎಲ್ಲ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಅಟ್ಟ ಹತ್ತಿ. ನಿಮಗೆ ಬೇಕಾಗಿರುವುದು ತಾತನ ಹೆಸರಲ್ಲ, ಅವರ ಸೈನ್ಯದ ನಂಬರು ಮತ್ತು ಪಲ್ಟಣದ ಹೆಸರು. ಯಾಕೆ ಅಂದರೆ ನಮ್ಮ ಕಡೆ ಹೆಸರುಗಳ ಗತಿ ನಿಮಗೆ ಗೊತ್ತೇ ಇದೆ. ಒಂದೇ ಊರಿನಲ್ಲಿ ನಾಲ್ಕು ಜನ ಕೆಂಪೇಗೌಡರು, ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡ ಗುಮಾಸ್ತನಿಗೆ ಕನ್ನಡ ಬರದು, ಒಂದು ಕಡೆ ಗೌಡ ಉದುರಿಹೋಗಿರುತ್ತದೆ, ಇನ್ನೊಂದು ಕಡೆ ಊರಿನ ಹೆಸರೇ ಮನುಷ್ಯನ ಹೆಸರಾಗಿರುತ್ತದೆ. ನಾನೇ ಒಮ್ಮೆ ನಮ್ಮ ಸಂಬಂಧಿಕರೊಬ್ಬರ ವಿಚಾರಕ್ಕೆ ಎಂಟು ತಿಂಗಳು ಬೇರೆ ಯಾರದೋ ಜಾಡು ಹಿಡಿದು ಹೋಗಿದ್ದೆ. ಇಬ್ಬರಿಗೂ ಹೆಸರೂ ಒಂದೇ, ತಾಲ್ಲೂಕೂ ಒಂದೇ. ನಂಬರು ಮೊದಲೇ ನೋಡಿದ್ದರೆ ಒಂದೇ ದಿನದಲ್ಲಿ ತಪ್ಪು ಗೊತ್ತಾಗುತ್ತಿತ್ತು.

ನಂಬರು ಎಲ್ಲಿ ಸಿಗುತ್ತದೆ? ಡಿಸ್ಚಾರ್ಜ್ ಸರ್ಟಿಫಿಕೇಟ್, ಪಿಂಚಣಿ ಪುಸ್ತಕ, ಹಳೇ ಮನಿಯಾರ್ಡರ್ ರಸೀದಿ. ಪದಕ ಇದ್ದರೆ ಅದರ ಅಂಚು, ಹಿಂಬದಿ ಎರಡನ್ನೂ ನೋಡಿ, ಬೂದಿ ಹಾಕಿ ತಿಕ್ಕಬೇಡಿ. ಮಾಜಿ ಸೈನಿಕರ ಲೆಕ್ಕದಲ್ಲಿ ಜಮೀನು ಮಂಜೂರಾಗಿದ್ದರೆ ತಾಲ್ಲೂಕು ಕಚೇರಿಯ ಆ ಕಡತದಲ್ಲಿ ಸರ್ಟಿಫಿಕೇಟಿನ ನಕಲು ಇರಬಹುದು. ಅಜ್ಜಿಗೆ ಯುದ್ಧದ ಪಿಂಚಣಿ ಬರುತ್ತಿತ್ತಾದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ, ಅರ್ಜಿಯ ಮೇಲೆ ನಂಬರು ಬರೆಯಲೇಬೇಕಿತ್ತು.

ಈಗ ನಿಮ್ಮ ತಾತನ ಪಡೆಯ ವಿಚಾರ. ಮಲಯಾ, ಸಿಂಗಾಪುರದ ವಿಮಾನ ನಿಲ್ದಾಣಗಳ ಕಾವಲಿಗೆ ಅಂತ ಸಂಸ್ಥಾನಗಳ ಪಲ್ಟಣಗಳನ್ನು ಕಳಿಸಿದ್ದರು. ಹೈದರಾಬಾದಿನದು, ಬಹಾವಲ್ಪುರದ್ದು, ಅದರ ಜೊತೆ ನಮ್ಮ 1ನೇ ಮೈಸೂರು ಇನ್‌ಫೆಂಟ್ರಿ. 1941ರ ಡಿಸೆಂಬರ್ 8ರಂದು ಜಪಾನಿನವರು ಕೋಟಾ ಬಾರುವಿನಲ್ಲಿ ಇಳಿದರು, 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಶರಣಾಯಿತು. ಎರಡು ದಿನ ಬಿಟ್ಟು ಭಾರತೀಯ ಸಿಪಾಯಿಗಳನ್ನೆಲ್ಲ ಬ್ರಿಟಿಷರಿಂದ ಬೇರೆ ಮಾಡಿ ಫಾರರ್ ಪಾರ್ಕ್ ಮೈದಾನದಲ್ಲಿ ಸೇರಿಸಿದರು. ಅಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿ ಇವರನ್ನು ಜಪಾನಿನ ಮೇಜರ್ ಫುಜಿವಾರಾಗೆ ಒಪ್ಪಿಸಿದ, ಆಮೇಲೆ ಕ್ಯಾಪ್ಟನ್ ಮೋಹನ್ ಸಿಂಗ್ ಎದ್ದು ನಿಂತು ಆಜಾದ್ ಹಿಂದ್ ಫೌಜಿಗೆ ಕರೆ ಕೊಟ್ಟ. ಸುಮಾರು 40 ಸಾವಿರಕ್ಕೂ ಹೆಚ್ಚು ಜನ ಆವತ್ತು ಆ ಬಿಸಿಲಲ್ಲಿ ಕೂತಿದ್ದರು. ನಿಮ್ಮ ತಾತನೂ ಅವರಲ್ಲಿ ಒಬ್ಬರಾಗಿರುವ ಸಾಧ್ಯತೆ ಜಾಸ್ತಿ.

ಸೇರಿದರೋ ಇಲ್ಲವೋ, ಅದೇ ಅಲ್ವಾ ನಿಮ್ಮ ಮನೆಯ ಜಗಳ? ನನ್ನ ಮಾತು ಸ್ವಲ್ಪ ಕಹಿ ಅನಿಸಬಹುದು. ಸಿಂಗಾಪುರದಲ್ಲಿ ಸಿಕ್ಕಿಬಿದ್ದ ಪ್ರತಿಯೊಬ್ಬರೂ ಕಾಲ ಕಳೆದ ಹಾಗೆ ನಮ್ಮ ಮನೆಮನೆಯಲ್ಲಿ ನೇತಾಜಿಯ ಅಂಗರಕ್ಷಕರೇ ಆಗಿಬಿಡುತ್ತಾರೆ. ಅರ್ಧದಷ್ಟು ಜನ ಸೇರಲೇ ಇಲ್ಲ. ಕೆಲವರು ಸೇರಿ, 1942ರ ಕೊನೆಗೆ ಮೊದಲ ಫೌಜು ಒಡೆದಾಗ ವಾಪಸು ಬಂದು ಕೈದಿಗಳಾದರು, 1943ರಲ್ಲಿ ಬೋಸ್ ಬಂದ ಮೇಲೆ ಅವರಲ್ಲೂ ಕೆಲವರು ಮತ್ತೆ ಸೇರಿದರು. ಒಬ್ಬನೇ ಮನುಷ್ಯ ಮೂರು ವರ್ಷದಲ್ಲಿ ಎರಡೂ ಕಡೆ ಇದ್ದಿರಬಹುದು. ಹಾಗಾಗಿ ದೊಡ್ಡಪ್ಪನೂ ಸರಿ, ಅತ್ತೆಯೂ ಸರಿ ಆಗಿರಬಹುದು.

ಇದನ್ನು ತಿಳಿಯುವ ಒಂದು ದಾರಿ ಬಿಡುಗಡೆಯ ಕಾಗದ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಫೌಜಿಗೆ ಸೇರಿದವರನ್ನು ವಿಚಾರಣೆ ಮಾಡಿ ಬಿಳಿ, ಬೂದು, ಕಪ್ಪು ಅಂತ ವಿಂಗಡಿಸಿದರು. ಬಿಳಿಯವರು ಕೆಲಸಕ್ಕೆ ಮರಳಿದರು. ಕಪ್ಪಿನವರನ್ನು ವಜಾ ಮಾಡಿ ಸೆರೆಯ ಕಾಲದ ಸಂಬಳ ಹಿಡಿದುಕೊಂಡರು. ಆದ್ದರಿಂದ ಸರ್ಟಿಫಿಕೇಟಿನಲ್ಲಿ 'ಬಿಡುಗಡೆಗೆ ಕಾರಣ' ಅನ್ನುವ ಸಾಲು ಓದಿ. ತಾತ ಸಂಬಳದ ಬಾಕಿಯಲ್ಲಿ ಎತ್ತನ್ನೋ ಗದ್ದೆಯನ್ನೋ ಕೊಂಡಿದ್ದರು ಅನ್ನುವ ಮಾತು ಮನೆಯಲ್ಲಿದ್ದರೆ ಅದೂ ಒಂದು ಸುಳಿವೇ. 1972ರ ನಂತರ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಅರ್ಜಿ ಹಾಕಿದ್ದರೆ ಆ ಕಡತ ಹುಡುಕಿಸಿ. ಫೌಜಿನ ಕಾಗದಪತ್ರ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿದೆ, ಅವರ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು.

ಸರ್ವಿಸ್ ಕಡತದ ಆಸೆ ಸ್ವಲ್ಪ ಕಮ್ಮಿ ಇಟ್ಟುಕೊಳ್ಳಿ. ಸಿಪಾಯಿಗಳ ಕಡತ ಲಂಡನ್‌ಗೆ ಹೋಗಲಿಲ್ಲ, ಪಲ್ಟಣಗಳ ರೆಕಾರ್ಡ್ಸ್ ಕಚೇರಿಯಲ್ಲೇ ಉಳಿದವು. ಮೈಸೂರು ಇನ್‌ಫೆಂಟ್ರಿ ಸ್ವಾತಂತ್ರ್ಯದ ನಂತರ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು, ಆ ರೆಜಿಮೆಂಟಿನ ಕೇಂದ್ರ ಊಟಿ ಹತ್ತಿರದ ವೆಲ್ಲಿಂಗ್ಟನ್. ಅಲ್ಲಿಗೆ ನಂಬರು ಹಾಕಿ ಕಾಗದ ಬರೆಯಿರಿ. ಹಳೇ ಕಡತಗಳನ್ನು ಇಂತಿಷ್ಟು ವರ್ಷಕ್ಕೆ ನಾಶ ಮಾಡುತ್ತಾರೆ, 'ಇಲ್ಲ' ಅಂತ ಒಂದು ಸಾಲಿನ ಉತ್ತರ ಬರಬಹುದು. ಆಗ ಸುಮ್ಮನಾಗದೆ 'ಲಾಂಗ್ ರೋಲ್' ಅನ್ನುವ, ಪಲ್ಟಣಕ್ಕೆ ಸೇರಿದವರೆಲ್ಲರ ಪಟ್ಟಿಯಿರುವ ರಿಜಿಸ್ಟರಿನ ನಮೂದು ಕೊಡಿ ಅಂತ ಕೇಳಿ, ಅದನ್ನು ಕಾಪಾಡಿಟ್ಟಿರುತ್ತಾರೆ. ನಾಲ್ಕು ಸಾಲೇ ಇರಲಿ, ಸೇರಿದ ದಿನ, ಬಿಟ್ಟ ದಿನ ಸಿಕ್ಕಿದರೆ ಸಣ್ಣ ವಿಷಯವಲ್ಲ. ಇನ್ನೊಂದು, ಇದು ಸಂಸ್ಥಾನದ ಪಡೆ, ಖರ್ಚುವೆಚ್ಚ ನೋಡಿಕೊಳ್ಳುತ್ತಿದ್ದದ್ದು ಮೈಸೂರು ಸರ್ಕಾರ. ಅದಕ್ಕೇ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಒಮ್ಮೆ ಹೋಗಿಬನ್ನಿ. ಬೆಂಗಳೂರಿಗೆ ಬಸ್ ಹತ್ತುವುದು ಬಿಟ್ಟು ಎಲ್ಲರೂ ಲಂಡನ್‌ಗೆ ಇಮೇಲ್ ಬರೆಯುತ್ತಾರೆ, ಯಾಕೋ ಗೊತ್ತಿಲ್ಲ.

ಆ ಕಾಲಿನ ಗುಂಡಿ. ಊಟ ಸಾಲದೆ ಸೊರಗಿದ ಕೈದಿಗಳಿಗೆ ಕಾಡಿನ ಕೆಲಸದಲ್ಲಿ ಒಂದು ಮುಳ್ಳು ತಾಗಿದರೂ ಮೂಳೆವರೆಗೆ ಕೊಳೆಯುವ ಹುಣ್ಣಾಗುತ್ತಿತ್ತು. ಜಪಾನಿನವರ ಸೆರೆಯಲ್ಲಿ ಬದುಕುಳಿದ ಎಷ್ಟೋ ಜನರ ಮೊಣಕಾಲ ಕೆಳಗೆ ಅಂಥ ಗುರುತು ಇತ್ತು. ಅದೇ ಅಂತ ನಾನು ಆಣೆ ಮಾಡಿ ಹೇಳಲಾರೆ. ಡಿಸ್ಚಾರ್ಜ್ ಕಾಗದದಲ್ಲಿ ಗುರುತಿನ ಚಿಹ್ನೆ ಅಂತ ಒಂದು ಜಾಗ ಇರುತ್ತದೆ, ಅಲ್ಲಿ ಆ ಗಾಯ ಇದೆಯಾ ನೋಡಿ. ಸೇರುವಾಗಿನ ಕಾಗದದಲ್ಲಿ ಇಲ್ಲದೆ ಬಿಡುವಾಗಿನದರಲ್ಲಿ ಇದ್ದರೆ ಆಮೇಲೆ ನನಗೂ ಒಂದು ಸಾಲು ಬರೆಯಿರಿ.

ಪ್ರಶ್ನೆ: ಅಜ್ಜಿಯ ಅಣ್ಣ ಅದೇ ಯುದ್ಧಕ್ಕೆ ಹೋದವರು ಬರಲೇ ಇಲ್ಲ. ಸತ್ತ ದಿನ ಗೊತ್ತಿಲ್ಲ ಅಂತ ಮಹಾಲಯ ಅಮಾವಾಸ್ಯೆಗೇ ಎಡೆ ಇಡುತ್ತಿದ್ದೆವು. ದಿನಾಂಕ ಪತ್ತೆಯಾಗುತ್ತದಾ? ಒಬ್ಬರು ಹದಿನೈದು ಸಾವಿರ ಕೊಡಿ ಹುಡುಕಿಕೊಡುತ್ತೇನೆ ಅಂದಿದ್ದಾರೆ.
- ಓದುಗರು, ಹಾಸನ

ಉತ್ತರ: ದುಡ್ಡು ಕೊಡಬೇಡಿ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಜಾಲತಾಣದಲ್ಲಿ ಎರಡನೇ ಯುದ್ಧದ ಲೆಕ್ಕಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿ ತೀರಿಕೊಂಡವರ ಪಟ್ಟಿ ಇದೆ, ಪುಕ್ಕಟೆ. ಹೆಸರು ಹಾಕಿ ಸಿಗದಿದ್ದರೆ ಪಲ್ಟಣದ ಹೆಸರು ಹಾಕಿ ಒಂದೊಂದೇ ಓದುತ್ತಾ ಹೋಗಿ. ಎಷ್ಟೋ ನಮೂದಿನಲ್ಲಿ ತಂದೆಯ ಹೆಸರು, ಊರು ಇರುತ್ತದೆ. ಜೋರಾಗಿ ಉಚ್ಚರಿಸಿ ನೋಡಿ, ಕಣ್ಣಿಗೆ ಗುರುತು ಸಿಗದ ಊರು ಕಿವಿಗೆ ಸಿಗುತ್ತದೆ.

ಸಮಾಧಿ ಇಲ್ಲದವರ ಹೆಸರು ಸಿಂಗಾಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲಿದೆ, 24 ಸಾವಿರಕ್ಕೂ ಜಾಸ್ತಿ ಹೆಸರು. ಆದರೆ ಹೆಸರು ಅಲ್ಲಿದೆ ಅಂದಮಾತ್ರಕ್ಕೆ ಸಿಂಗಾಪುರದಲ್ಲೇ ಸತ್ತರು ಅಂತಲ್ಲ. 1943ರಿಂದ ಸಾವಿರಾರು ಭಾರತೀಯ ಕೈದಿಗಳನ್ನು ಹಡಗಿನಲ್ಲಿ ತುಂಬಿ ನ್ಯೂಗಿನಿ, ನ್ಯೂ ಬ್ರಿಟನ್ ಕಡೆಗೆ ಕೂಲಿಗೆ ಒಯ್ದರು. ನ್ಯೂಗಿನಿಯ ವೆವಾಕ್‌ಗೆ ಹೋದ ಸುಮಾರು 3,000 ಜನರಲ್ಲಿ ಉಳಿದವರು ಬಹಳ ಕಮ್ಮಿ. ನ್ಯೂ ಬ್ರಿಟನ್ನಿನ ರಬೌಲ್ ಹತ್ತಿರ ಬಿಟಾ ಪಾಕಾ ಸ್ಮಶಾನದಲ್ಲಿ ನಮ್ಮವರ ಸಮಾಧಿಗಳಿವೆ. ಅವರನ್ನು ಬಿಡಿಸಿದವರು ಆಸ್ಟ್ರೇಲಿಯಾದವರು. ಹಾಗಾಗಿ ಫೋಟೊಗಳು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್ ಹತ್ತಿರ ಇವೆ, ಆನ್‌ಲೈನ್ ನೋಡಬಹುದು. ಎಲುಬಿನ ಗೂಡುಗಳ ಹಾಗೆ ಸಾಲಾಗಿ ನಿಂತವರ ಚಿತ್ರಗಳು, ಒಬ್ಬರೇ ಕೂತು ನೋಡಬೇಡಿ.

ದಿನಾಂಕ ಸಿಕ್ಕರೂ ಪೂರ್ತಿ ನಂಬಬೇಡಿ. ಕೈದಿಗಳ ವಿಚಾರದಲ್ಲಿ ಅದು ಎಷ್ಟೋ ಸಲ ಆಮೇಲೆ ಅಂದಾಜಿನಲ್ಲಿ ಬರೆದದ್ದು. ಎಡೆ ಅಮಾವಾಸ್ಯೆಗೇ ಇಡಿ, ಏನೂ ತಪ್ಪಿಲ್ಲ.

ಪ್ರಶ್ನೆ: ನಮ್ಮ ಮುತ್ಯಾ ಮರಾಠಾ ಪಲ್ಟಣದಲ್ಲಿದ್ದರು, ಆಫ್ರಿಕಾದಲ್ಲಿ ಸೆರೆಸಿಕ್ಕರಂತೆ. ಆದರೆ ಮನೆಯಲ್ಲಿರುವ ಫೋಟೊದಲ್ಲಿ ಹಿಂದೆ ಹಿಮದ ಬೆಟ್ಟ ಇದೆ. ಇದು ಹೇಗೆ? ಫೋಟೊ ಕಳಿಸಿದ್ದೇನೆ.
- ಓದುಗ, ಬೆಳಗಾವಿ ಜಿಲ್ಲೆ

ಉತ್ತರ: ಎರಡೂ ನಿಜ ಇರಬಹುದು. 1942ರ ಜೂನ್ 21ರಂದು ಲಿಬಿಯಾದ ಟೋಬ್ರುಕ್ ಜರ್ಮನರ ಪಾಲಾದಾಗ 5ನೇ ಮರಾಠಾದ 2ನೇ ಬೆಟಾಲಿಯನ್ ಅಲ್ಲಿ ಸಿಕ್ಕಿಬಿತ್ತು. ಭಾರತೀಯ ಕೈದಿಗಳಲ್ಲಿ ಬಹಳ ಜನರನ್ನು ಇಟಲಿಗೆ ಸಾಗಿಸಿದರು, ಅವೆಝಾನೋದಲ್ಲಿ ಅವರದೇ ಒಂದು ದೊಡ್ಡ ಕ್ಯಾಂಪಿತ್ತು. ಅದರ ಸುತ್ತ ಬೆಟ್ಟ, ಚಳಿಗಾಲಕ್ಕೆ ಹಿಮ. 1943ರಲ್ಲಿ ಇಟಲಿ ಕೈಚೆಲ್ಲಿದ ಮೇಲೆ ಕೆಲವರು ತಪ್ಪಿಸಿಕೊಂಡರು, ಉಳಿದವರನ್ನು ಜರ್ಮನರು ಎಳೆದೊಯ್ದರು. ಇನ್ನೊಂದು ಸಾಧ್ಯತೆಯೂ ಇದೆ. ಫ್ರಾನ್ಸಿನ ಎಪಿನಾಲ್‌ನಲ್ಲಿ ಭಾರತೀಯರಿದ್ದ ಕ್ಯಾಂಪಿನ ಮೇಲೆ 1944ರ ಮೇ 11ರಂದು ಅಮೆರಿಕದ ವಿಮಾನಗಳ ಬಾಂಬು ಬಿದ್ದು ಗೋಡೆ ಒಡೆಯಿತು. ಆಗ ಓಡಿದವರಲ್ಲಿ ಸುಮಾರು 500 ಜನ ಹಳ್ಳಿಯವರ ಸಹಾಯದಿಂದ, ರಾತ್ರಿ ನಡೆದು ಹಗಲು ಅಡಗಿ, ಸ್ವಿಟ್ಜರ್ಲೆಂಡ್ ಗಡಿ ದಾಟಿದರು.

ರೆಜಿಮೆಂಟಲ್ ಸೆಂಟರ್ ನಿಮ್ಮ ಬೆಳಗಾವಿಯಲ್ಲೇ ಇದೆ, ನಂಬರು ಹಿಡಿದು ಹೋಗಿ. ನೀವು ಕಳಿಸಿರುವುದು ಫೋಟೊದ ಮುಂಭಾಗ ಮಾತ್ರ. ಕೈದಿಗಳ ಫೋಟೊ ಅಂದರೆ ಹಿಂದೆ ಕ್ಯಾಂಪಿನ ಮೊಹರೋ ಸ್ಟುಡಿಯೋ ಹೆಸರೋ ಇರುವುದುಂಟು. ಕಟ್ಟು ಬಿಚ್ಚಿಸಿ ಹಿಂಬದಿಯ ಚಿತ್ರ ಕಳಿಸಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.