ಅಭಿವೃದ್ಧಿ ಯೋಜನೆಯ ಫಲ ಅಳೆಯೋಕೆ ಜನರ ಸಂಬಂಧದ ಜಾಲ ಯಾಕೆ ನೋಡಬೇಕು?

ಒಂದು ಸಾಲ ಯೋಜನೆಯನ್ನೇ ತಗೊಳ್ಳಿ. ಸಾಲ ಎಷ್ಟು ಮಂದಿಗೆ ಸಿಕ್ಕಿತು ಅಂತ ಎಣಿಸಿದರೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಸುದ್ದಿ ಯಾರಿಂದ ಯಾರಿಗೆ ಹೋಯಿತು, ಯೋಜನೆ ಬಂದ ಮೇಲೆ ಜನರ ನಡುವಿನ ಕೊಡು-ಕೊಳ್ಳುವಿಕೆ ಏನಾಯಿತು ಅನ್ನೋದು ಎಣಿಕೆಯಲ್ಲಿ ಕಾಣಲ್ಲ.

ಇದಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಅರುಣ್ ಚಂದ್ರಶೇಖರ್, ಮ್ಯಾಥ್ಯೂ ಜಾಕ್ಸನ್ 75 ಹಳ್ಳಿಗಳಲ್ಲಿ, ಕಿರುಸಾಲ ಬರುವ ಮೊದಲೇ, ಜನರನ್ನು ಕೇಳಿದರು: ಅಕ್ಕಿ, ಸೀಮೆಎಣ್ಣೆ ಕಡ ಬೇಕಾದರೆ ಯಾರ ಮನೆಗೆ ಹೋಗ್ತೀರಿ? ದೇವಸ್ಥಾನಕ್ಕೆ ಯಾರ ಜೊತೆ? ಅರ್ಜೆಂಟಿಗೆ ದುಡ್ಡು ಯಾರ ಹತ್ತಿರ? ಆಮೇಲೆ 43 ಹಳ್ಳಿಗಳಿಗೆ ಸಾಲ ಬಂತು. ಸಾಲ ಕೊಡುವ ಸಂಸ್ಥೆ ಮೊದಲು ವಿಷಯ ತಿಳಿಸಿದ್ದು ಮೇಷ್ಟ್ರು, ಅಂಗಡಿಯವರು, ಸ್ವಸಹಾಯ ಸಂಘದ ಮುಖ್ಯಸ್ಥರಂಥವರಿಗೆ. ಇವರಿಗೆ ಎಷ್ಟು ಜನ ಗೊತ್ತು ಅನ್ನೋದಕ್ಕಿಂತ, ಇವರ ಪರಿಚಯದವರಿಗೆ ಮತ್ತೆ ಯಾರ್ಯಾರು ಗೊತ್ತು, ಮಾತು ಅಲ್ಲಿಂದ ಎಷ್ಟು ದೂರ ಹೋಗುತ್ತೆ ಅನ್ನೋದೇ ಮುಖ್ಯವಾಯಿತು. ಮಾತು ಹಾಗೆ ದೂರ ಹೋಗಬಲ್ಲ ಊರುಗಳಲ್ಲಿ ಸಾಲ ತಗೊಂಡವರು ಜಾಸ್ತಿ.

ನನ್ನನ್ನು ಹೆಚ್ಚು ತಟ್ಟಿದ್ದು ಮುಂದಿನದು. 2012ರಲ್ಲಿ ಮತ್ತೆ ಕೇಳಿದಾಗ, ಸಾಲ ಬಂದ ಊರುಗಳಲ್ಲಿ ಸಂಬಂಧಗಳು ಸಾಲ ಬರದ ಊರುಗಳಿಗಿಂತ ಜಾಸ್ತಿ ಕುಗ್ಗಿದ್ದವು, ಸಾಲ ತಗೊಳ್ಳುವ ಸಾಧ್ಯತೆ ಕಡಿಮೆ ಇದ್ದವರ ನಡುವೆ ಕೂಡ. ಕೈಗಡಕ್ಕೆ ಪಕ್ಕದ ಮನೆಯನ್ನೇ ನಂಬಿದವರಿಗೆ ಇದು ನಿಜವಾದ ನಷ್ಟ ಅಲ್ವಾ?

ನೀವೂ ಇಂಥ ಸಮೀಕ್ಷೆ ಮಾಡೋದಾದರೆ ಯೋಜನೆ ಶುರುವಾಗುವ ಮೊದಲೇ ಒಂದು ಸಲ ಕೇಳಿ, ಸುಮ್ನೆ ನಾಲ್ಕು ಮನೆ ಅಲ್ಲ, ಆದಷ್ಟು ಎಲ್ಲ ಮನೆ. ಬಿಟ್ಟ ಮನೆಯ ಜೊತೆ ಅದರ ಎಲ್ಲ ಕೊಂಡಿಗಳೂ ಸಂಬಂಧಗಳ ನಕ್ಷೆಯಿಂದ ಬಿಟ್ಟುಹೋಗುತ್ತವೆ.