ಕಿರು ಆಲ್ಬಮ್: ಎಲ್ಲಿಡಬೇಕು, ಹೇಗೆ ತೋರಿಸಬೇಕು?

ಫೋಟೊ, ಚಿತ್ತಾರಗಳನ್ನು ಅಂಟಿಸಿ ಕೈಯಿಂದ ಮಾಡಿದ ಕಿರು ಸ್ಕ್ರ್ಯಾಪ್‌ಬುಕ್ ಆಲ್ಬಮ್‌ಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮಾಡುವ ಬಗೆಯ ಕುರಿತಲ್ಲ, ಮಾಡಿಟ್ಟದ್ದನ್ನು ಕಾಪಾಡುವುದರ ಕುರಿತು. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: 6×8 ಇಂಚಿನ ಇಪ್ಪತ್ತು ಆಲ್ಬಮ್‌ಗಳನ್ನು ಪುಸ್ತಕದಂತೆ ಕಪಾಟಿನಲ್ಲಿ ನಿಲ್ಲಿಸಿದ್ದೇನೆ. ವರ್ಷದೊಳಗೆ ಕೆಲವುಗಳ ಹಾಳೆ ಜೋತುಬಿದ್ದು ಬೆನ್ನಿನ ಬಳಿ ಹರಿಯತೊಡಗಿವೆ. ಮಲಗಿಸಿಡಬೇಕಿತ್ತೇ?

ಉತ್ತರ: ಅದು ದಪ್ಪದ ಮೇಲೆ ನಿಂತಿದೆ. ಬೆನ್ನು ಒಂದು ಇಂಚಿಗಿಂತ ಕಡಿಮೆ ಇದ್ದು, ಒಳಗೆ ಬರೀ ಫೋಟೊ, ಟ್ಯಾಗ್‌ಗಳಿದ್ದರೆ (ಪುಟದ ಜೇಬಿನಲ್ಲಿಡುವ ಚಿಕ್ಕ ಚೀಟಿಗಳು) ಆಲ್ಬಮ್ ನಿಂತೇ ಇರಬಹುದು. ಅದಕ್ಕಿಂತ ದಪ್ಪದ್ದನ್ನು ಮಲಗಿಸುವುದೇ ಸರಿ. ಅಚ್ಚಿನ ಪುಸ್ತಕದಲ್ಲಿ ಹಾಳೆಗಳೆಲ್ಲ ಬೆನ್ನಿಗೆ ಒತ್ತಾಗಿ ಅಂಟಿಕೊಂಡು, ಒಂದನ್ನೊಂದು ಆತು ನಿಂತಿರುತ್ತವೆ. ಕಿರು ಆಲ್ಬಮ್‌ನಲ್ಲಿ ಪ್ರತಿ ಹಾಳೆಯೂ ತನ್ನದೇ ಒಂದು ಕಾಗದದ ಮಡಿಕೆಯಿಂದ ಒಂಟಿಯಾಗಿ ನೇತಾಡುತ್ತದೆ. ಮೇಲಿನ ರಟ್ಟು ಹಾಳೆಗಿಂತ 3ರಿಂದ 6 ಮಿ.ಮೀ. ಹೊರಚಾಚಿರುವುದರಿಂದ ನಿಲ್ಲಿಸಿದಾಗ ಹಾಳೆಗೆ ನೆಲವೇ ಸಿಗುವುದಿಲ್ಲ. ಪೂರಾ ಭಾರ ಮಡಿಕೆಯ ಮೇಲ್ತುದಿಗೆ ಬೀಳುತ್ತದೆ, ಹರಿಯುವುದೂ ಅಲ್ಲಿಂದಲೇ.

ಜಾಗದ ಅಭಾವದಿಂದ ನಿಲ್ಲಿಸಲೇಬೇಕಾದರೆ, ರಟ್ಟುಗಳ ನಡುವೆ ಹಾಳೆಗಳ ಅಡಿಯಲ್ಲಿ ಉಳಿಯುವ ಆ ಸಂದಿಯಷ್ಟೇ ದಪ್ಪದ ಒಂದು ರಟ್ಟಿನ ಪಟ್ಟಿ ಕತ್ತರಿಸಿ ಒಳಗೆ ತಳ್ಳಿ. ಹಾಳೆಗಳು ಅದರ ಮೇಲೆ ಕೂರುತ್ತವೆ. ಐದಾರು ಆಲ್ಬಮ್‌ಗಳಿಗೊಂದು ಅಡ್ಡತಡೆ ಇರಲಿ. ಓರೆಯಾಗಿ ವಾಲಿದ ಆಲ್ಬಮ್‌ನ ರಟ್ಟು ತಿರುಚಿಕೊಂಡರೆ ಮತ್ತೆ ನೇರವಾಗುವುದು ಕಷ್ಟ. ಬೆನ್ನು ಮೇಲಾಗಿ, ತೆರೆಯುವ ಬದಿ ಕೆಳಗಾಗಿ ಮಾತ್ರ ಎಂದೂ ಇಡಬೇಡಿ.

ಮಲಗಿಸುವಾಗ ಮೂರಕ್ಕಿಂತ ಹೆಚ್ಚು ಪೇರಿಸಬೇಡಿ. ದೊಡ್ಡದು ಕೆಳಗೆ, ನಡುನಡುವೆ 2 ಮಿ.ಮೀ. ರಟ್ಟಿನ ಒಂದೊಂದು ತುಂಡು. ಗುಂಡಿ, ಲೋಹದ ಚಿತ್ತಾರಗಳು ಎದುರು ಹಾಳೆಯ ಫೋಟೊದ ಮೇಲೆ ಅಚ್ಚೊತ್ತುವಂತಿದ್ದರೆ ಅಲ್ಲಿ ಆಮ್ಲರಹಿತ ಟಿಶ್ಯೂ ಕಾಗದ ಹಾಕಿ. ಅದರ ಬದಲು ಹಲವರು ನುಣುಪಾದ ಗ್ಲಾಸಿನ್ ಕಾಗದ ಹಾಕುತ್ತಾರೆ. ತೇವ ತಗುಲಿದರೆ ಅದು ಸುಕ್ಕುಗಟ್ಟಿ ಫೋಟೊಗೇ ಅಂಟಿಕೊಳ್ಳುತ್ತದೆ. ಉಂಗುರ ಹಾಕಿದ ಆಲ್ಬಮ್‌ಗಳಿಗೆ ದಪ್ಪದ ಲೆಕ್ಕವಿಲ್ಲ, ಅವು ಯಾವಾಗಲೂ ಮಲಗಿರಲಿ. ನಿಂತರೆ ತೂತುಗಳು ಹಿಗ್ಗುತ್ತವೆ.

ಈಗಾಗಲೇ ಹರಿದ ಮಡಿಕೆಗೆ ಸೆಲ್ಲೋಟೇಪ್ ಬೇಡ. ತೆಳುವಾದ, ನಾರು ಗಟ್ಟಿಯಿರುವ ಕಾಗದದ 2 ಸೆಂ.ಮೀ. ಅಗಲದ ಪಟ್ಟಿಯನ್ನು ಪಿವಿಎ ಎಂಬ ಬಿಳಿ ಅಂಟಿನಿಂದ ಹರಿದ ಗೆರೆಯ ಎರಡೂ ಬದಿ ಹಿಡಿಯುವಂತೆ ಹಚ್ಚಿ, ಮೇಣದ ಕಾಗದವನ್ನು ಅಡ್ಡವಿಟ್ಟು ರಾತ್ರಿಯಿಡೀ ಒಣಗಲು ಬಿಡಿ.

ಪ್ರಶ್ನೆ: ಆಲ್ಬಮ್ ಮುಚ್ಚಿದರೂ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಭಾರ ಹೇರಿದರೆ ಸರಿಹೋದೀತೇ? ರಬ್ಬರ್‌ಬ್ಯಾಂಡ್ ಹಾಕಬಹುದೇ?

ಉತ್ತರ: ಎರಡೂ ಬೇಡ. ಭಾರ ಹೇರಿದರೆ ರಟ್ಟು ಬಾಗುತ್ತದೆ, ಮಡಿಕೆ ಬಿರಿಯುತ್ತದೆ, ದಪ್ಪ ಮಾತ್ರ ಇಳಿಯುವುದಿಲ್ಲ. ರಬ್ಬರ್ ಹಳತಾದಂತೆ ಅಂಟಂಟಾಗಿ ಕಾಗದಕ್ಕೆ ಹಿಡಿಯುತ್ತದೆ. ಅದರಲ್ಲಿರುವ ಗಂಧಕ ಫೋಟೊಗಳಿಗೂ ಲೋಹದ ಚಿತ್ತಾರಗಳಿಗೂ ಕೇಡು.

ತಪ್ಪಿರುವುದು ಬೆನ್ನಿನ ಅಳತೆಯಲ್ಲಿ. ಎರಡು ಪದರ ಕಾರ್ಡ್‌ಸ್ಟಾಕ್‌ನ (ದಪ್ಪ ಕಾಗದದ) ಹಾಳೆ ಸುಮಾರು 0.6 ಮಿ.ಮೀ. ಎರಡೂ ಬದಿಗೆ ಫೋಟೊ ಮತ್ತು ಅದರ ಹಿನ್ನೆಲೆ ಕಾಗದ ಸೇರಿದರೆ ಇನ್ನೊಂದು 1.1 ಮಿ.ಮೀ. ಅಲ್ಲಿಗೆ ಹಾಳೆಯೊಂದಕ್ಕೆ 1.7 ಮಿ.ಮೀ. ಎಂಟು ಹಾಳೆಗೆ 14 ಮಿ.ಮೀ. ಸಹ ಆಗದು. ಆದರೆ ಪ್ರತಿ ಹಾಳೆಗೆ ಫೋಮ್ ಟೇಪ್ ಮೇಲೆ ಕೂರಿಸಿದ ಹೂವಿನಿಂದ 3 ಮಿ.ಮೀ. ಏರಿದರೆ ಒಟ್ಟು ದಪ್ಪ 38ರ ಹತ್ತಿರಕ್ಕೆ ಬರುತ್ತದೆ. ಬೆನ್ನಿನಲ್ಲಿ ಹಾಳೆಗೆ 3 ಮಿ.ಮೀ. ಅಂತರ ಬಿಟ್ಟವರಿಗೆ ಸಿಕ್ಕಿದ್ದು 24 ಮಾತ್ರ, 6 ಮಿ.ಮೀ. ಬಿಟ್ಟವರ ಆಲ್ಬಮ್ ಸಲೀಸಾಗಿ ಮುಚ್ಚುತ್ತದೆ.

ಮಾಡಿ ಮುಗಿಸಿದ ಆಲ್ಬಮ್‌ನಲ್ಲಿ ಉಬ್ಬಿದ ಚಿತ್ತಾರಗಳನ್ನು ಸ್ಥಳ ಬದಲಿಸಿ ಹಂಚಿ. ಒಂದು ಹಾಳೆಯಲ್ಲಿ ಮೇಲ್ಗಡೆ, ಮುಂದಿನದರಲ್ಲಿ ಕೆಳಗಡೆ ಇದ್ದರೆ ಒಂದರ ಮೇಲೊಂದು ಕೂರುವುದಿಲ್ಲ. ಇದರಿಂದಲೇ ಅರ್ಧ ಸಮಸ್ಯೆ ತೀರುವುದುಂಟು. ಕಟ್ಟಲು ಅರ್ಧ ಇಂಚಿಗಿಂತ ಅಗಲದ ಹತ್ತಿಯ ರಿಬ್ಬನ್ ಸಾಕು. ಗಂಟನ್ನು ರಟ್ಟಿನ ಮುಖದ ಮೇಲಲ್ಲ, ಅಂಚಿನಲ್ಲಿ ಹಾಕಿ. ಗಾಢ ಬಣ್ಣದ್ದಾದರೆ ಮೊದಲು ಒದ್ದೆ ಬಿಳಿ ಬಟ್ಟೆಗೆ ಒತ್ತಿ, ಬಣ್ಣ ಬಿಡುವುದೇ ನೋಡಿ.

ಪ್ರಶ್ನೆ: ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದೋ ಮರದ ಪೆಟ್ಟಿಗೆಯೋ? ಅಳತೆಗೆ ತಕ್ಕ ಪೆಟ್ಟಿಗೆ ನಾವೇ ಮಾಡಿಕೊಳ್ಳಬಹುದೇ?

ಉತ್ತರ: ಪ್ಲಾಸ್ಟಿಕ್‌ನಲ್ಲಿ ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಯೆಸ್ಟರ್ ಮೂರೂ ಸರಿ. ತೀಕ್ಷ್ಣ ವಾಸನೆಯ, ಮೆತ್ತನೆ ಪಿವಿಸಿ ಬೇಡ. ಅದರಿಂದ ಒಸರುವ ಮೆದುಕಾರಕ ಮತ್ತು ಆಮ್ಲ ಫೋಟೊವನ್ನು ಹಾಳುಮಾಡುತ್ತವೆ. ಮರ, ಅದರಲ್ಲೂ ಬಣ್ಣ ಬಳಿಯದ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ), ಆಮ್ಲದ ಆವಿ ಬಿಡುತ್ತದೆ. ಪೆಟ್ಟಿಗೆ ಬಹಳ ಇಷ್ಟವಿದ್ದರೆ ಒಳಮೈಗೆ ಪಾಲಿಯೆಸ್ಟರ್ ಹಾಳೆ ಹಚ್ಚಿ ಬಳಸಿ. ‘ಆಸಿಡ್ ಫ್ರೀ’ ಎಂಬ ಮಾತನ್ನಷ್ಟೇ ನಂಬಿ ಕಾಗದ ಕೊಳ್ಳಬೇಡಿ. ಕಾಗದವನ್ನು ಹಳದಿಗಟ್ಟಿಸುವ ಮರದ ಅಂಶವಾದ ಲಿಗ್ನಿನ್ ಕೂಡ ಇರಬಾರದು. ಫೋಟೊಗೆ ತಾಗುವ ವಸ್ತುವಾದರೆ ಐಎಸ್‌ಒ 18916 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆ ಪಾಸಾಗಿದೆಯೇ ನೋಡಿ. ಆ ವಸ್ತು ಫೋಟೊವನ್ನು ಮಂಕಾಗಿಸುತ್ತದೆಯೇ, ಕಲೆ ಮಾಡುತ್ತದೆಯೇ ಎಂಬುದನ್ನೇ ಅದು ಪರೀಕ್ಷಿಸುತ್ತದೆ.

ಮನೆಯಲ್ಲೇ ಮಾಡುವುದಾದರೆ ಮುಚ್ಚಳದ ಪೆಟ್ಟಿಗೆ ಮಾಡಿ. ಪುಸ್ತಕದಂತೆ ಬದಿಯಿಂದ ಒಳಗೆ ಜಾರಿಸುವ ಕೋಶ ನೋಡಲು ಚೆಂದ, ಆದರೆ ಮುಖಪುಟದಲ್ಲಿ ಹೂವು, ಲೇಸು ಇದ್ದರೆ ಪ್ರತಿ ಸಲ ತೆಗೆಯುವಾಗಲೂ ಉಜ್ಜಿ ಕೀಳುತ್ತದೆ.

ಆಲ್ಬಮ್ ತನ್ನ ಅತಿ ಉಬ್ಬಿದ ಜಾಗದಲ್ಲಿ, ಅಂದರೆ ಬೆನ್ನಿನಲ್ಲಲ್ಲ ತೆರೆಯುವ ಬದಿಯಲ್ಲಿ, ಅಳೆದಾಗ 15×20×5 ಸೆಂ.ಮೀ. ಬಂತು ಎನ್ನೋಣ. ಉದ್ದ, ಅಗಲ, ಎತ್ತರ ಮೂರಕ್ಕೂ 6 ಮಿ.ಮೀ. ಸೇರಿಸಿದರೆ ಒಳ ಅಳತೆ 15.6×20.6×5.6. ರಟ್ಟು 2 ಮಿ.ಮೀ. ದಪ್ಪದ್ದಾದರೆ ತಳ 16×21 ಸೆಂ.ಮೀ.; ಉದ್ದದ ಗೋಡೆ ಎರಡು, 20.6×5.6, ಅಡ್ಡ ಗೋಡೆ ಎರಡು, 16×5.6. ಗೋಡೆಗಳು ತಳದ ಮೇಲೆಯೇ ನಿಲ್ಲಬೇಕು. ಉದ್ದದವು ಅಡ್ಡದವುಗಳ ನಡುವೆ ಸಿಕ್ಕಿಕೊಳ್ಳಬೇಕು. ಮುಚ್ಚಳಕ್ಕೆ 16.7×21.7ರ ಹಾಳೆ, 21.3×3ರ ಎರಡು ಮತ್ತು 16.7×3ರ ಎರಡು ಪಟ್ಟಿ. ತಳಕ್ಕೂ ಮುಚ್ಚಳಕ್ಕೂ ನಡುವೆ ಉಳಿಯುವ 3 ಮಿ.ಮೀ. ಸಡಿಲ ಹೊದಿಕೆ ಕಾಗದಕ್ಕಾಗಿ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ರಟ್ಟಿಗೆ ರಟ್ಟು ಸರಿಯಾಗಿ ಕತ್ತರಿಸಿದವರ ಮುಚ್ಚಳ ಕಾಗದ ಹಚ್ಚಿದ ಮೇಲೆ ಹೋಗುವುದೇ ಇಲ್ಲ. ಮುಚ್ಚಳದ ಉದ್ದ ಬದಿಗಳಲ್ಲಿ ಹೆಬ್ಬೆರಳು ಹಿಡಿಯುವಷ್ಟು ಅರ್ಧಚಂದ್ರ ಕತ್ತರಿಸಿಟ್ಟರೆ ಎಳೆದಾಡುವುದು ತಪ್ಪುತ್ತದೆ.

ಬೂದು ರಟ್ಟು ಬಹುತೇಕ ರದ್ದಿ ಕಾಗದದ್ದು, ಆಮ್ಲೀಯ. ಆದ್ದರಿಂದ ಒಳಮೈಗೆ ಆಮ್ಲರಹಿತ ಕಾರ್ಡ್‌ಸ್ಟಾಕ್ ಹಚ್ಚಿ. ಅಂಟು ಹಚ್ಚಿದ ಪೆಟ್ಟಿಗೆಯನ್ನು ತೆರೆದಿಟ್ಟು ಕನಿಷ್ಠ ಮೂರು ದಿನ ಆರಲು ಬಿಡಿ. ಮೇಲ್ನೋಟಕ್ಕೆ ಒಣಗಿದ ಅಂಟಿನ ತೇವ ಮುಚ್ಚಿದ ಪೆಟ್ಟಿಗೆಯಲ್ಲಿ ಆಲ್ಬಮ್‌ಗೇ ಇಳಿಯುತ್ತದೆ.

ಪ್ರಶ್ನೆ: ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಯೂ ಆಲ್ಬಮ್‌ಗೆ ಬೂಷ್ಟು ಹಿಡಿದಿದೆ. ಯಾಕೆ?

ಉತ್ತರ: ಪೊಟ್ಟಣದ ಶಕ್ತಿಯನ್ನು ನಾವು ಹೆಚ್ಚೆಂದು ತಿಳಿಯುತ್ತೇವೆ. 5 ಗ್ರಾಂ ಪೊಟ್ಟಣ ಹೀರುವುದು ಹೆಚ್ಚೆಂದರೆ ಒಂದೂವರೆ ಗ್ರಾಂ ನೀರು. 10 ಲೀಟರ್ ಡಬ್ಬಿಯ ಗಾಳಿಯಲ್ಲಿರುವ ತೇವ ಕಾಲು ಗ್ರಾಂನಷ್ಟು. ಅದಕ್ಕೆ ಇದು ಧಾರಾಳ. ಆದರೆ ನೀರು ಇರುವುದು ಗಾಳಿಯಲ್ಲಲ್ಲ, ಕಾಗದದಲ್ಲಿ. ತೇವದ ಕೋಣೆಯಲ್ಲಿದ್ದ ಎರಡು ಕಿಲೋ ಕಾಗದ ಹತ್ತಾರು ಗ್ರಾಂ ಹೆಚ್ಚುವರಿ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಡಬ್ಬಿ ಸೇರುತ್ತದೆ. ಮುಚ್ಚಳ ಬಿಗಿದರೆ ಆ ನೀರಿಗೆ ಹೊರದಾರಿಯೇ ಇಲ್ಲ.

ಮೊದಲು ಆಲ್ಬಮ್ ಒಣಗಬೇಕು, ಆಮೇಲೆ ಡಬ್ಬಿ. ತೇವ ಕಡಿಮೆ ಇರುವ ಕೋಣೆಯಲ್ಲಿ ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ ಎರಡು ಮೂರು ದಿನ ನಿಲ್ಲಿಸಿ, ಬಿಸಿಲಿಗೆ ಬೇಡ. ಚಿಕ್ಕ ಡಿಜಿಟಲ್ ತೇವಮಾಪಕ ಇದ್ದರೆ ಊಹೆ ಉಳಿಯುವುದಿಲ್ಲ. ಸಾಪೇಕ್ಷ ತೇವಾಂಶ ಶೇ 30ರಿಂದ 50ರ ನಡುವೆ ಇರಲಿ. ಶೇ 65 ದಾಟಿ ಹಾಗೆಯೇ ಉಳಿದರೆ ಬೂಷ್ಟಿಗೆ ಆಹ್ವಾನ. 30ಕ್ಕಿಂತ ಕೆಳಗಿಳಿದರೆ ಫೋಟೊ ಸುರುಳುತ್ತದೆ, ರಟ್ಟು ಸೊಟ್ಟಗಾಗುತ್ತದೆ. ಜೆಲ್‌ನಲ್ಲಿ ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆ ಕೊಳ್ಳಿ. ನೀಲಿ ಬಣ್ಣದ್ದರಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಹಸಿರಾದಾಗ ಕಾಳುಗಳನ್ನು ಪೊಟ್ಟಣದಿಂದ ಹೊರತೆಗೆದು 110ರಿಂದ 120 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು.

ಹಿಡಿದಿರುವ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ನಾರಿನೊಳಗೆ ಇಳಿಯುತ್ತದೆ. ಆಲ್ಬಮ್ಮನ್ನು ಬೇರೆಯವುಗಳಿಂದ ದೂರವಿಡಿ. ಬೂಷ್ಟು ಒಣಗಿ ಪುಡಿಪುಡಿಯಾದ ಮೇಲೆ ಮುಖಕ್ಕೆ ಎನ್95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಮೆತ್ತನೆ ಕುಂಚದಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಗುಡಿಸಿ. ಫೋಟೊ ಎದುರು ಹಾಳೆಗೆ ಅಂಟಿದ್ದರೆ ಎಳೆಯಲೇಬೇಡಿ. ಅಂಟಿನಿಂದ ಹಿಡಿದಿದ್ದರೆ ಹಲ್ಲಿನ ಫ್ಲಾಸ್ ದಾರವನ್ನು ಗರಗಸದಂತೆ ಆಡಿಸಿ ಬಿಡಿಸಬಹುದು. ಫೋಟೊದ ಮೇಲ್ಪದರವೇ ಕರಗಿ ಪ್ಲಾಸ್ಟಿಕ್ ಕವರಿಗೆ ಹಿಡಿದಿದ್ದರೆ ಕವರಿನ ಮೇಲಿಂದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಅದನ್ನು ಬಿಡಿಸುವುದು ಸಂರಕ್ಷಣೆಯಲ್ಲಿ ನುರಿತವರ ಕೆಲಸ.

ಪ್ರಶ್ನೆ: ನುಸಿಗುಳಿಗೆ ಹಾಕಬಹುದೇ?

ಉತ್ತರ: ಬೇಡ. ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆದುಗೊಳಿಸುತ್ತದೆ, ವಾಸನೆ ಕಾಗದ ಬಿಟ್ಟು ಹೋಗುವುದಿಲ್ಲ, ಉಸಿರಿಗೂ ಒಳ್ಳೆಯದಲ್ಲ. ಸಿಲ್ವರ್‌ಫಿಶ್ ಹುಳು ಬರುವುದು ತೇವಕ್ಕೆ ಮತ್ತು ಗಂಜಿಯಂಥ ಅಂಟಿಗೆ. ಒಣಗಿಸಿದ ನಿಜವಾದ ಹೂವು, ಎಲೆ ಅಂಟಿಸುವವರು ಹುಳುವಿನ ಮೊಟ್ಟೆಯನ್ನೂ ಜೊತೆಗೇ ತರುವ ಸಾಧ್ಯತೆ ಇದೆ. ಅಂಟಿಸುವ ಮೊದಲೇ ಅವನ್ನು ಜಿಪ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಮೇಲೆ ಹನಿಗಟ್ಟುತ್ತದೆ.

ಪ್ರಶ್ನೆ: ಮಾಡಿದ್ದನ್ನೆಲ್ಲ ಪೆಟ್ಟಿಗೆಯಲ್ಲಿಟ್ಟರೆ ನೋಡುವವರು ಯಾರು? ಹಜಾರದಲ್ಲಿ ಬಣ್ಣ ಮಾಸದಂತೆ ಪ್ರದರ್ಶಿಸುವುದು ಹೇಗೆ?

ಉತ್ತರ: ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ಒಟ್ಟಿಗೆ ಹೊರಗಿಡದೆ ಸರದಿ ಹಾಕಿ: ಎರಡು ಮೂರು ಹೊರಗೆ, ಉಳಿದವು ಪೆಟ್ಟಿಗೆಯಲ್ಲಿ, ಮೂರು ತಿಂಗಳಿಗೊಮ್ಮೆ ಅದಲುಬದಲು.

ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ವಿಶ್ರಾಂತಿ ಕೊಟ್ಟರೆ ಮಾಸಿದ ಬಣ್ಣ ಮರಳುವುದಿಲ್ಲ. ವಸ್ತುಸಂಗ್ರಹಾಲಯಗಳು ಇಂಥ ಸೂಕ್ಷ್ಮ ವಸ್ತುಗಳಿಗೆ 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಬೆಳಕನ್ನು ಮಿತಿಯಾಗಿ ಇಟ್ಟುಕೊಳ್ಳುತ್ತವೆ. ದಿನಕ್ಕೆ 8 ಗಂಟೆಯಂತೆ 90 ದಿನ ಆ ಬೆಳಕಿನಲ್ಲಿಟ್ಟರೆ ಒಟ್ಟು 36,000 ಲಕ್ಸ್-ಗಂಟೆ. ಕಿಟಕಿ ಪಕ್ಕದ 2,000 ಲಕ್ಸ್ ಜಾಗದಲ್ಲಿ ಅಷ್ಟೇ ಬೆಳಕು 18 ಗಂಟೆಯಲ್ಲಿ ಬಿದ್ದುಹೋಗುತ್ತದೆ, ಅಂದರೆ ಎರಡು ಮೂರು ದಿನ! ಕಿಟಕಿಯ ಎದುರು ಗೋಡೆಗಿಂತ ಕಿಟಕಿ ಇರುವ ಗೋಡೆಯೇ ಮೇಲು. ಆದರೆ ಅದು ಹೊರಗೋಡೆಯಾದ್ದರಿಂದ ಆಲ್ಬಮ್‌ನ ಹಿಂದೆ ಒಂದು ಇಂಚು ಗಾಳಿಯಾಡಲು ಬಿಡಿ. ಇಂಕ್‌ಜೆಟ್‌ನಲ್ಲಿ ಡೈ (ಕರಗಿದ ಬಣ್ಣದ) ಶಾಯಿಯ ಮುದ್ರಣ ಪಿಗ್ಮೆಂಟ್ (ಬಣ್ಣದ ಕಣಗಳ) ಶಾಯಿಯದಕ್ಕಿಂತ ಬೇಗ ಮಂಕಾಗುತ್ತದೆ ಎಂಬುದೂ ನೆನಪಿರಲಿ.

ತೆರೆದಿಡುವುದಾದರೆ ಪೂರ್ತಿ 180 ಡಿಗ್ರಿ ಬಿಡಿಸಬೇಡಿ, 90ರಿಂದ 120 ಸಾಕು. ಮೊದಲ ಪುಟಗಳು ತೆರೆದಿದ್ದಾಗ ಎಡಗಡೆ ತಗ್ಗು, ಬಲಗಡೆ ಎತ್ತರ. ಎಡ ರಟ್ಟಿನ ಕೆಳಗೆ ಆ ವ್ಯತ್ಯಾಸದಷ್ಟು ದಪ್ಪದ ಆಸರೆ ಕೊಡದಿದ್ದರೆ ಬೆನ್ನು ತಿರುಚಿಕೊಳ್ಳುತ್ತದೆ. ಹಾಳೆ ಹಾರದಂತೆ 1 ಸೆಂ.ಮೀ. ಅಗಲದ ಪಾರದರ್ಶಕ ಪಾಲಿಯೆಸ್ಟರ್ ಪಟ್ಟಿಯಿಂದ ಹಾಳೆ ಮತ್ತು ರಟ್ಟನ್ನು ಸುತ್ತಿ, ಪಟ್ಟಿಯ ತುದಿಯನ್ನು ಪಟ್ಟಿಗೇ ಅಂಟಿಸಿ, ಹಾಳೆಗಲ್ಲ. ವಾರಕ್ಕೊಮ್ಮೆ ಪುಟ ತಿರುಗಿಸಿ. ನಿಲ್ಲಿಸುವ ಸ್ಟ್ಯಾಂಡ್ ಕೊಳ್ಳುವಾಗ ಅದರ ಮುಂದಿನ ತುಟಿಯ ಆಳವನ್ನು ಆಲ್ಬಮ್ ದಪ್ಪಕ್ಕೆ ಹೋಲಿಸಿ. ತಟ್ಟೆ ಇಡಲೆಂದು ಮಾಡಿದ ಸ್ಟ್ಯಾಂಡುಗಳ ತುಟಿ ಸಾಮಾನ್ಯವಾಗಿ ಸಾಲುವುದಿಲ್ಲ. ಗಾಜಿನ ಚೌಕಟ್ಟಿನ ಪೆಟ್ಟಿಗೆಯಾದರೆ ಒಳ ಆಳ ಆಲ್ಬಮ್‌ಗಿಂತ ಅರ್ಧ ಇಂಚಾದರೂ ಹೆಚ್ಚಿರಲಿ, ಗಾಜು ಏನನ್ನೂ ಮುಟ್ಟಬಾರದು. ಅಕಾರ್ಡಿಯನ್ ಮಡಿಕೆಯ (ಅಂಕುಡೊಂಕಾಗಿ ಮಡಚಿದ) ಆಲ್ಬಮ್‌ಗಳು ಮಾತ್ರ ಯಾವ ಸ್ಟ್ಯಾಂಡೂ ಇಲ್ಲದೆ ತಾವೇ ನಿಲ್ಲುತ್ತವೆ. ಪ್ರದರ್ಶನಕ್ಕೆಂದೇ ಮಾಡುವವರಿಗೆ ಅದೇ ಸೂಕ್ತ.

ಪ್ರಶ್ನೆ: ಆಯಸ್ಕಾಂತದ ಮುಚ್ಚುಪಟ್ಟಿ ಇರುವ ಆಲ್ಬಮ್‌ಗಳನ್ನು ಒತ್ತೊತ್ತಾಗಿ ಇಡಬಹುದೇ?

ಉತ್ತರ: ನಡುವೆ ಕನಿಷ್ಠ ಒಂದು ಇಂಚು ಬಿಡಿ. ಒಂದನ್ನು ಎಳೆದರೆ ಪಕ್ಕದ್ದರ ಪಟ್ಟಿಯೂ ಬಂದು ಮಡಿಕೆ ಹರಿಯುತ್ತದೆ. ಮ್ಯಾಗ್ನೆಟಿಕ್ ಪಟ್ಟಿಯ ಕಾರ್ಡುಗಳನ್ನೂ ಹತ್ತಿರ ಇಡಬೇಡಿ.

ಪ್ರಶ್ನೆ: ಬಂದವರು ಮುಟ್ಟಿ ನೋಡುವಾಗ ಕೈಗವಸು ಕೊಡಬೇಕೇ?

ಉತ್ತರ: ಹತ್ತಿಯ ಕೈಗವಸಿನ ಎಳೆ ಲೇಸಿಗೆ, ಬ್ರಾಡ್‌ಗಳಿಗೆ (ಕಾಗದಕ್ಕೆ ಚುಚ್ಚಿ ಹಿಂದೆ ಮಡಚುವ ಲೋಹದ ಪಿನ್ನುಗಳಿಗೆ) ಸಿಕ್ಕಿ ಕಿತ್ತುಬರುತ್ತದೆ. ತೊಳೆದು ಚೆನ್ನಾಗಿ ಒರೆಸಿಕೊಂಡ ಕೈ ಸಾಕು, ಫೋಟೊವನ್ನು ಅಂಚಿನಲ್ಲಿ ಹಿಡಿಯಲಿ. ಜೇಬಿನಿಂದ ಹೊರಬರುವ ಟ್ಯಾಗ್‌ಗಳ ಹಿಂದೆ ಪುಟದ ಸಂಖ್ಯೆಯನ್ನು ಮೆತ್ತನೆ ಪೆನ್ಸಿಲ್‌ನಿಂದ ಬರೆದಿಡಿ, ನೋಡಿದವರು ತಪ್ಪು ಜೇಬಿಗೆ ಹಾಕಿದ್ದರೂ ತಿಳಿಯುತ್ತದೆ.